ಮುಗಿಯದ ಪರೀಕ್ಷಾವಧಿ

ಕಳೆದ ಶ್ರಾವಣ ಮಾಸದಲ್ಲಿ ಹುಣಸೂರಿನ ಕಡೆ ಒಂದು ಶಿವಾನುಭವ ಗೋಷ್ಠಿಗೆ ಹೋಗಿದ್ದೆ. ಹೊಗೆಸೊಪ್ಪಿನ ಬ್ಯಾರನ್ನುಗಳು ಹಗಲಿರುಳೆನ್ನದೆ ಉರಿಯುವ ಕಾಲವದು. ಮನೆಮಂದಿಯೆಲ್ಲ ಸೊಪ್ಪು ಬೇಯಿಸುವ ಕೆಲಸದಲ್ಲಿ ತೊಡಗಿರುವ ದಿನಗಳಾದರೂ ಸುತ್ತಮುತ್ತಲ ಹಳ್ಳಿಗಳಿಂದ, ಪಿರಿಯಾಪಟ್ಟಣದಿಂದ, ಕೃಷ್ಣರಾಜನಗರದಿಂದ ಸದ್ಭಕ್ತರು ಬಂದು ನೆರೆದಿದ್ದರು. ಪ್ರವಚನಕ್ಕೆ ಮುನ್ನ, ತಮ್ಮ ವೃತ್ತಿಯಲ್ಲಿ ಒಳ್ಳೆಯ ಸೇವೆ ಸಲ್ಲಿಸಿದ ಕೆಲವರಿಗೆ ಸನ್ಮಾನವಿತ್ತು. ಅವರಲ್ಲಿ ಒಬ್ಬರು ಪಶುವೈದ್ಯೆ. ನಲವತ್ತರ ಆಸುಪಾಸಿನ ಹೆಣ್ಣುಮಗಳು. ಅವರ ಒಪ್ಪಿಗೆ ಪಡೆದೇ ಈ ಮಾತುಗಳನ್ನು ಬರೆಯುತ್ತಿದ್ದೇನೆ; ಗುರುತು ಹತ್ತದಿರಲೆಂದು ಹೆಸರನ್ನೂ ಊರನ್ನೂ ಮರೆಮಾಡಿದ್ದೇನೆ.

ಸನ್ಮಾನಕ್ಕೆ ಕಾರಣವಾದ ಸಂಗತಿಯನ್ನು ಸಂಚಾಲಕರು ಸಭೆಗೆ ವಿವರಿಸಿದರು. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಡ ರೈತನೊಬ್ಬನ ಹಸು ಕರು ಹಾಕಲಾರದೆ ಒದ್ದಾಡುತ್ತಿತ್ತು. ಕರುವಿನ ತಲೆ ಹಿಂದಕ್ಕೆ ತಿರುಗಿ, ಮುಂಗಾಲೊಂದು ಒಳಗೇ ಮಡಿಸಿಕೊಂಡಿತ್ತು. ರಾತ್ರಿ ಹನ್ನೊಂದು ಗಂಟೆಗೆ ಹೋದ ಈ ತಾಯಿ ಕೊಟ್ಟಿಗೆಯ ಮಣ್ಣಿನಲ್ಲಿ ಮಲಗಿ, ಕರುವನ್ನು ಮೆಲ್ಲನೆ ಹಿಂದಕ್ಕೆ ತಳ್ಳಿ, ಕಾಲನ್ನು ನೇರಮಾಡಿ, ತಲೆಯನ್ನು ದಾರಿಗೆ ತಂದು, ಹಗ್ಗ ಕಟ್ಟಿ, ಹಸು ಮುಕ್ಕಿದಾಗಲೆಲ್ಲ ಹದವಾಗಿ ಎಳೆಸಿ, ಎರಡೂವರೆ ತಾಸಿನ ಮೇಲೆ ಎರಡು ಜೀವಗಳನ್ನೂ ಉಳಿಸಿದರಂತೆ. ಸಭೆ ಚಪ್ಪಾಳೆ ತಟ್ಟಿತು. ಎರಡು ಮಾತು ಆಡಬೇಕೆಂದು ಕೇಳಿಕೊಂಡಾಗ ಅವರು ಎದ್ದು ನಿಂತು, “ನಾನೇನೂ ಮಾಡಲಿಲ್ಲ. ಹಸು ಗಟ್ಟಿಯಾಗಿತ್ತು, ಅದೃಷ್ಟ ಚೆನ್ನಾಗಿತ್ತು. ಬೇರೆ ಯಾರು ಹೋಗಿದ್ದರೂ ಆಗುತ್ತಿತ್ತು” ಎಂದಷ್ಟೇ ಹೇಳಿ ಕುಳಿತರು.

ನಾನು ಪ್ರವಚನವನ್ನು ಅಲ್ಲಿಂದಲೇ ಆರಂಭಿಸಿದೆ. “ನೋಡಿ, ಇದು ಶರಣರ ವಿನಯ. ಮಾಡಿದೆನೆಂಬುದು ಮನದಲ್ಲಿ ಸುಳಿಯದಂತೆ ಮಾಡುವುದೇ ನಿಜವಾದ ಕಾಯಕ” ಎಂದು ಅರ್ಧ ತಾಸು ವಿಸ್ತರಿಸಿದೆ. ಎಲ್ಲರೂ ತಲೆದೂಗಿದರು. ಆ ತಾಯಿ ಮಾತ್ರ ತಲೆ ತಗ್ಗಿಸಿಯೇ ಕುಳಿತಿದ್ದರು.

ಪ್ರಸಾದವಾದ ಮೇಲೆ ಅವರು ನನ್ನ ಬಳಿಗೆ ಬಂದು ನಮಸ್ಕರಿಸಿದರು. “ಗುರುಗಳೇ, ತಪ್ಪು ತಿಳಿಯಬೇಡಿ. ತಾವು ಅದನ್ನು ವಿನಯವೆಂದಿರಿ. ಅದು ವಿನಯವಲ್ಲ, ಭಯ” ಎಂದರು.

ನಾನು ಅವರನ್ನು ಕೂರಿಸಿಕೊಂಡು ಕೇಳಿದೆ. ಹದಿನಾರು ವರ್ಷಗಳ ನೌಕರಿ. ಮೊದಲ ನೇಮಕ ಹೆಗ್ಗಡದೇವನಕೋಟೆಯ ಕಾಡಂಚಿನ ಆಸ್ಪತ್ರೆಯಲ್ಲಿ. ಚಿರತೆ ಹಿಡಿದು ಬಿಟ್ಟ ಕರುಗಳಿಗೆ ಹೊಲಿಗೆ ಹಾಕಿದ್ದಾರೆ, ಮಳೆಗಾಲದ ಕೆಸರಿನಲ್ಲಿ ಹಾಡಿಹಾಡಿಗೆ ನಡೆದು ಲಸಿಕೆ ಹಾಕಿದ್ದಾರೆ. ಅಲ್ಲಿ ಮೊದಲ ದಿನ ಬಂದ ರೈತ ಒಳಗೆ ಇಣುಕಿ, “ಗಂಡು ಡಾಕ್ಟ್ರು ಇಲ್ವೇನವ್ವಾ?” ಎಂದು ಕೇಳಿ ಹಸುವನ್ನು ತಿರುಗಿಸಿಕೊಂಡು ಹೋದನಂತೆ. “ಆ ರೈತ ಆಮೇಲೆ ನನ್ನನ್ನೇ ಹುಡುಕಿಕೊಂಡು ಬರತೊಡಗಿದ. ಆದರೆ ಅವನ ಪ್ರಶ್ನೆ ಮಾತ್ರ ನನ್ನೊಳಗೇ ಉಳಿದುಹೋಯಿತು. ಯಾವುದಾದರೂ ಜಾನುವಾರು ಬದುಕಿದರೆ ಅದರ ಪುಣ್ಯ ಅನ್ನಿಸುತ್ತದೆ; ಸತ್ತರೆ ನನ್ನ ಅಜ್ಞಾನ ಅನ್ನಿಸುತ್ತದೆ. ಒಂದಲ್ಲ ಒಂದು ದಿನ ಯಾರೋ ಬಂದು, ‘ಇವಳಿಗೇನೂ ಗೊತ್ತಿಲ್ಲ, ಇಷ್ಟು ದಿನ ಎಲ್ಲರ ಕಣ್ಣಿಗೂ ಮಣ್ಣೆರಚಿದ್ದಾಳೆ’ ಎಂದುಬಿಡುತ್ತಾರೆ ಎಂದು ಕಾಯುತ್ತಿದ್ದೇನೆ” ಎಂದರು. ಈಗ ಕೃಷ್ಣರಾಜನಗರದ ಕಡೆಗೆ, ಕೈಕೆಳಗೆ ಹಲವರು ವೈದ್ಯರಿರುವ ಹುದ್ದೆಗೆ ಬಡ್ತಿ ಬರುವ ಕಾಲ. ಬಡ್ತಿ ಬೇಡವೆಂದು ಬರೆದುಕೊಟ್ಟುಬಿಡಲು ಅರ್ಜಿ ಸಿದ್ಧವಾಗಿ ಕೈಚೀಲದಲ್ಲಿತ್ತು.

ಓದುಗ ಬಂಧುಗಳೇ, ಅಂದು ನನಗೆ ನಾಚಿಕೆಯಾಯಿತು. ಒಂದು ನೋವನ್ನು ಗುಣವೆಂದು ಸಾವಿರ ಜನರೆದುರು ಹೊಗಳಿಬಿಟ್ಟಿದ್ದೆ. ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿಯೇ ಈ ತಿಂಗಳ ಲೇಖನ.

ಈ ಮನಃಸ್ಥಿತಿಗೆ ಒಂದು ಹೆಸರಿದೆ. 1978ರಲ್ಲಿ ಅಮೆರಿಕದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಒಂದು ಪ್ರಬಂಧ ಪ್ರಕಟಿಸಿದರು. ವಿದ್ಯೆಯಲ್ಲಿ, ವೃತ್ತಿಯಲ್ಲಿ ಉನ್ನತ ಸ್ಥಾನಕ್ಕೇರಿದ ನೂರೈವತ್ತಕ್ಕೂ ಹೆಚ್ಚು ಮಹಿಳೆಯರೊಡನೆ ಅವರು ಒಡನಾಡಿದ್ದರು. ಪದವಿ, ಬಹುಮಾನ, ಸಹೋದ್ಯೋಗಿಗಳ ಗೌರವ ಎಲ್ಲವೂ ಇದ್ದರೂ ಈ ಮಹಿಳೆಯರು ತಮ್ಮನ್ನು ಬುದ್ಧಿವಂತರೆಂದು ನಂಬಿರಲಿಲ್ಲ. ಪರೀಕ್ಷಕರ ಕೈತಪ್ಪಿನಿಂದಲೋ, ಅದೃಷ್ಟದಿಂದಲೋ ತಾವು ಇಲ್ಲಿಗೆ ಬಂದು ಸೇರಿದ್ದೇವೆಂದು ಭಾವಿಸಿದ್ದರು. ಇದನ್ನು ಆ ವಿದುಷಿಯರು ‘ಇಂಪೋಸ್ಟರ್ ಫಿನಾಮಿನನ್’ ಎಂದು ಕರೆದರು. ‘ತಾನು ವೇಷಧಾರಿ ಎಂಬ ಶಂಕೆ’ ಎಂದು ನಾವು ಹೇಳಿಕೊಳ್ಳಬಹುದು. ಜನರ ಬಾಯಲ್ಲಿ ಅದು ಮುಂದೆ ‘ಸಿಂಡ್ರೋಮ್’ ಆಯಿತಾದರೂ ಇದು ವೈದ್ಯರ ರೋಗಪಟ್ಟಿಯಲ್ಲಿ ಸೇರಿದ ಕಾಯಿಲೆಯಲ್ಲ. ಪುರುಷರಲ್ಲಿಯೂ ಇದು ಇರುವುದೆಂದು ಮುಂದಿನ ಸಂಶೋಧನೆಗಳು ಕಂಡುಕೊಂಡವು.

ಇದರ ಲಕ್ಷಣವನ್ನು ಗುರುತಿಸುವುದು ಕಷ್ಟವಲ್ಲ. ಗೆಲುವಿನ ಕಾರಣವನ್ನು ಹೊರಗೆ ಹುಡುಕುವುದು, ಸೋಲಿನ ಕಾರಣವನ್ನು ತನ್ನೊಳಗೇ ಹುಡುಕುವುದು. ಒಂದು ಕೆಲಸ ಬಂದರೆ ಅಗತ್ಯಕ್ಕಿಂತ ಮೂರುಪಟ್ಟು ದುಡಿಯುವುದು, ಆಮೇಲೆ ‘ಅಷ್ಟು ದುಡಿದದ್ದರಿಂದ ಆಯಿತು, ಇಲ್ಲದಿದ್ದರೆ ಬಣ್ಣ ಬಯಲಾಗುತ್ತಿತ್ತು’ ಎಂದುಕೊಳ್ಳುವುದು. ಹೊಗಳಿದವರನ್ನು ನಂಬದೆ ತೆಗಳಿದವರನ್ನು ಮಾತ್ರ ನಂಬುವುದು. ಹೀಗೆ ಎಷ್ಟು ಗೆದ್ದರೂ ಗೆಲುವು ಮನಸ್ಸಿನ ಲೆಕ್ಕದಲ್ಲಿ ಜಮಾ ಆಗುವುದೇ ಇಲ್ಲ.

ಈ ಶಂಕೆ ಎಲ್ಲಿಂದ ಬರುತ್ತದೆ? ಹುಟ್ಟುತ್ತಲೇ ಯಾರೂ ತಮ್ಮನ್ನು ಸಂಶಯಿಸುವುದಿಲ್ಲ. ಮೊದಲು ಬೇರೆಯವರು ಸಂಶಯಿಸುತ್ತಾರೆ. ಆಮೇಲೆ ಆ ಕೆಲಸವನ್ನು ನಾವೇ ವಹಿಸಿಕೊಳ್ಳುತ್ತೇವೆ. ಇದಕ್ಕೆ ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಸಂಗವನ್ನು ನೆನೆಯಬೇಕು.

1933ನೆಯ ಇಸವಿ. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ತರುಣಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಅರ್ಜಿ ಹಾಕಿದಳು. ಅವಳ ತಂದೆಯೂ ಚಿಕ್ಕಪ್ಪನೂ ಅದೇ ಸಂಸ್ಥೆಯಲ್ಲಿ ಓದಿದವರು. ಆಗ ನಿರ್ದೇಶಕರಾಗಿದ್ದವರು ನೊಬೆಲ್ ಪುರಸ್ಕೃತ ಸರ್ ಸಿ. ವಿ. ರಾಮನ್. ಹೆಣ್ಣೆಂಬ ಒಂದೇ ಕಾರಣದಿಂದ ಅರ್ಜಿ ತಿರಸ್ಕೃತವಾಯಿತು. ಕಮಲಾ ಮನೆಗೆ ಹಿಂದಿರುಗಲಿಲ್ಲ. ಬೆಂಗಳೂರಿಗೆ ಬಂದು ತಿರಸ್ಕಾರಕ್ಕೆ ಕಾರಣ ಕೇಳಿದಳು. ಕೊನೆಗೆ ಕೆಲವು ಷರತ್ತುಗಳ ಮೇಲೆ ಪ್ರವೇಶ ದೊರೆಯಿತು. ಮೊದಲ ಒಂದು ವರ್ಷ ಅವಳು ಪೂರ್ಣ ಪ್ರಮಾಣದ ವಿದ್ಯಾರ್ಥಿಯಲ್ಲ, ಪರೀಕ್ಷಾರ್ಥವಾಗಿ ಇರತಕ್ಕವಳು. ಮಾರ್ಗದರ್ಶಕರು ಹೇಳಿದರೆ ರಾತ್ರಿಯವರೆಗೂ ದುಡಿಯಬೇಕು. ಅವಳ ಇರುವಿಕೆಯಿಂದ ಪ್ರಯೋಗಾಲಯದ ವಾತಾವರಣ ಕೆಡಬಾರದು.

ಅವಳು ಒಪ್ಪಿ ದುಡಿದಳು. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಸಂಶೋಧನೆ ನಡೆಸಿದಳು. ವರ್ಷ ಕಳೆದ ಮೇಲೆ ರಾಮನ್ ಅವರಿಗೂ ತೃಪ್ತಿಯಾಗಿ ಪೂರ್ಣ ವಿದ್ಯಾರ್ಥಿಯ ಸ್ಥಾನ ದೊರೆಯಿತು. ಸಂಸ್ಥೆಯ ಬಾಗಿಲು ಇತರ ಹೆಣ್ಣುಮಕ್ಕಳಿಗೂ ತೆರೆಯಿತು. ಮುಂದೆ ಆಕೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದರು. ವಿಜ್ಞಾನದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯೆಂದು ಡಾ. ಕಮಲಾ ಸೊಹೋನಿ ಎಂಬ ಹೆಸರಿನಿಂದ ಅವರನ್ನು ಇಂದು ಸ್ಮರಿಸುತ್ತೇವೆ. ಆದರೂ ಬೆಂಗಳೂರಿನ ಆ ಅವಮಾನವನ್ನು ಅವರು ಕೊನೆಗಾಲದವರೆಗೂ ಮರೆಯಲಿಲ್ಲ; ಅದು ಅನ್ಯಾಯವೆಂದು ಬಹಿರಂಗವಾಗಿಯೇ ಹೇಳಿದರು.

ಇಲ್ಲಿ ಗಮನಿಸಬೇಕಾದ ಅಂಶ ಇದು. ಕೊರತೆ ಇದ್ದದ್ದು ಬಾಗಿಲಿನಲ್ಲಿ, ಒಳಬಂದವಳಲ್ಲಿ ಅಲ್ಲ. ಆ ಪರೀಕ್ಷಾವಧಿ ಅನ್ಯಾಯದ್ದೇ ಆದರೂ ಅದಕ್ಕೆ ಒಂದು ವರ್ಷದ ಮಿತಿಯಿತ್ತು, ಅದು ಮುಗಿಯಿತು. ಮುಗಿದ ಮೇಲೆ ಆಕೆ ಅದನ್ನು ತನ್ನೊಳಗೆ ಮುಂದುವರಿಸದೆ, ಮಾಡಿದ್ದು ತಪ್ಪೆಂದು ಮಾಡಿದವರ ಲೆಕ್ಕಕ್ಕೇ ಬರೆದರು.

ನಮ್ಮ ಜಿಲ್ಲೆಯಲ್ಲಿಯೇ ಇನ್ನೊಂದು ನಿದರ್ಶನವಿದೆ. ಹೆಗ್ಗಡದೇವನಕೋಟೆಗೆ ನೆರೆಯ ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಅವರು ಗಣಿತದಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲಿಗರಾಗಿ, 1943ರಲ್ಲಿ ಅದೇ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ, 1953ರಲ್ಲಿ ಡಾಕ್ಟರೇಟ್ ಗಳಿಸಿ ಹಿಂದಿರುಗಿ, ಅಲ್ಲಿಯೇ ಪ್ರಾಧ್ಯಾಪಕರಾಗಿ ಮೈಕ್ರೊವೇವ್ ಮತ್ತು ಆಂಟೆನಾ ವಿಷಯಗಳನ್ನು ದಶಕಗಳ ಕಾಲ ಬೋಧಿಸಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ಡಾ. ರಾಜೇಶ್ವರಿ ಚಟರ್ಜಿ ಇವರೇ. ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಹೆಣ್ಣು ಓದುವುದು ಆ ಮನೆಯಲ್ಲಿ ಎರಡು ತಲೆಮಾರಿನ ಹಿಂದೆಯೇ ಸಹಜವಾಗಿತ್ತು. ನಮ್ಮ ಬಹುಪಾಲು ಮನೆಗಳಲ್ಲಿ ಹಾಗಿಲ್ಲ. ವಂಶದಲ್ಲಿ ಮೊದಲಿಗಳಾಗಿ ಕಚೇರಿಯ ಕುರ್ಚಿಯಲ್ಲಿ ಕೂತ ಹುಡುಗಿಗೆ, ತನ್ನಂತೆ ಕೂತಿದ್ದ ಅಜ್ಜಿಯ, ಅತ್ತೆಯ ಚಿತ್ರ ಕಣ್ಣಮುಂದೆ ಇರುವುದಿಲ್ಲ. ಅದಕ್ಕಾಗಿಯೇ ಆ ಕುರ್ಚಿ ಬೇರೆಯವರದೆಂದು ಅವಳಿಗೆ ತೋರುತ್ತದೆ.

ಗ್ರಾಮ ಪಂಚಾಯಿತಿಗಳನ್ನು ನೋಡಿ. 1993ರ ಅಧಿನಿಯಮ ಮಹಿಳೆಯರಿಗೆ ಮೂರನೆಯ ಒಂದು ಭಾಗದ ಸ್ಥಾನಗಳನ್ನು ಕೊಟ್ಟಿತು. 2010ರಲ್ಲಿ ಅದು ಅರ್ಧಕ್ಕೆ ಏರಿತು. ‘ಮೀಸಲಾತಿಯಿಂದ ಬಂದವಳು’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿದ ಅಧ್ಯಕ್ಷೆ ಕೊನೆಗೆ ತಾನೇ ಹಾಗೆಂದುಕೊಳ್ಳುತ್ತಾಳೆ. ಕುಡಿಯುವ ನೀರಿನ ಕೊಳವೆಯನ್ನು ಕೇರಿಗೆ ತಂದದ್ದು ಅವಳ ಕೆಲಸ. ಆದರೆ ಅದನ್ನು ಹೇಳಿಕೊಳ್ಳಲು ಅವಳಿಗೇ ಸಂಕೋಚ.

ಈಗ ನಾನು ತಪ್ಪಿದ ಜಾಗಕ್ಕೆ ಬರುತ್ತೇನೆ. ವಿನಯಕ್ಕೂ ಆತ್ಮಶಂಕೆಗೂ ಇರುವ ಅಂತರವೇನು? ಬಸವಣ್ಣನವರು ಶರಣರೆದುರು ತಮ್ಮನ್ನು ಅತ್ಯಂತ ಕಿರಿಯರೆಂದು ಬಗೆದರು. ಆದರೆ ಬಿಜ್ಜಳನಲ್ಲಿ ಕರಣಿಕರಾಗಿ ಲೆಕ್ಕ ಬರೆಯುವಾಗ, ಭಂಡಾರದ ಹೊಣೆ ಹೊತ್ತಾಗ, ‘ನನಗೆ ಲೆಕ್ಕ ಬಾರದು’ ಎನ್ನಲಿಲ್ಲ. ವಿನಯವು ಕೆಲಸ ಮಾಡಿದ ಮೇಲೆ ಫಲವನ್ನು ತನ್ನದೆನ್ನದೆ ಸಮಾಜಕ್ಕೆ ಒಪ್ಪಿಸುತ್ತದೆ. ಆತ್ಮಶಂಕೆಯು ಕೆಲಸಕ್ಕೆ ಮೊದಲೇ ಕೈಯನ್ನು ನಡುಗಿಸುತ್ತದೆ. ವಿನಯವುಳ್ಳವನು ಬೇರೆಯವರ ಹಿರಿತನವನ್ನು ಕಂಡು ಹರ್ಷಿಸುತ್ತಾನೆ; ಶಂಕೆಯುಳ್ಳವನಿಗೆ ತನ್ನ ಕೊರತೆಯ ಹೊರತು ಬೇರೇನೂ ಕಾಣುವುದಿಲ್ಲ. ಒಂದರಿಂದ ಮನಸ್ಸಿಗೆ ನೆಮ್ಮದಿ, ಇನ್ನೊಂದರಿಂದ ನಿದ್ದೆಗೇಡು. ಪರೀಕ್ಷಿಸಿ ನೋಡಲು ಇದೊಂದೇ ಸಾಕು.

ಅಕ್ಕಮಹಾದೇವಿಯವರ ಪ್ರಸಂಗವನ್ನೂ ಈ ದೃಷ್ಟಿಯಿಂದ ನೋಡಬೇಕು. 15ನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ, ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಆಕೆಯನ್ನು ಅಲ್ಲಮಪ್ರಭುಗಳು ತುಂಬಿದ ಸಭೆಯಲ್ಲಿ ಕಠಿಣವಾದ ಪ್ರಶ್ನೆಗಳಿಂದ ಪರೀಕ್ಷಿಸುತ್ತಾರೆ. ಆಕೆ ಒಂದೊಂದಕ್ಕೂ ನೇರವಾಗಿ ಉತ್ತರಿಸುತ್ತಾಳೆ. ಪ್ರಶ್ನಿಸಿದವರೇ ಕೊನೆಗೆ ಆಕೆಯ ಹಿರಿಮೆಯನ್ನು ಸಾರುತ್ತಾರೆ. ವಯಸ್ಸಿನಲ್ಲಿ ಹಿರಿಯರಾದವರೂ ಆಕೆಯನ್ನು ‘ಅಕ್ಕ’ ಎನ್ನುತ್ತಾರೆ. ಅಲ್ಲಿಗೆ ಆ ಪರೀಕ್ಷೆ ಮುಗಿಯಿತು. ‘ನನ್ನನ್ನು ಇನ್ನೊಮ್ಮೆ ಪರೀಕ್ಷಿಸಿ, ನಿಮ್ಮ ತೀರ್ಪು ತಪ್ಪಿರಬಹುದು’ ಎಂದು ಆಕೆ ಸಭೆಯಲ್ಲೇ ನಿಲ್ಲಲಿಲ್ಲ. ಶ್ರೀಶೈಲದತ್ತ ತನ್ನ ದಾರಿ ಹಿಡಿದಳು. ಹಿರಿಯರು ಯೋಗ್ಯಳೆಂದ ಮೇಲೆ ಆ ಮಾತನ್ನು ಗೌರವದಿಂದ ಸ್ವೀಕರಿಸುವುದೂ ವಿನಯವೇ.

ನನ್ನ ಅನುಭವದ್ದೇ ಒಂದು ಮಾತು. ಮಠದ ಪಾಠಶಾಲೆಯಲ್ಲಿ ನಾನು ಹುಡುಗನಾಗಿದ್ದಾಗ, ಒಂದು ಸಂಜೆ ಹಿರಿಯ ಗುರುಗಳು ತಮ್ಮ ಬದಲು ನನ್ನನ್ನು ಪ್ರವಚನಕ್ಕೆ ಕೂರಿಸಿದರು. ನಾನು ಕಾಲು ಹಿಡಿದು, “ಬುದ್ಧೀ, ನನಗೆ ಆ ಯೋಗ್ಯತೆ ಇಲ್ಲ” ಎಂದೆ. ಅವರು ನಕ್ಕು, “ನಿನ್ನನ್ನು ಕೂರಿಸುತ್ತಿರುವವನು ನಾನು. ನನಗೆ ಮನುಷ್ಯರನ್ನು ಅಳೆಯಲು ಬರುವುದಿಲ್ಲ ಎನ್ನುತ್ತಿದ್ದೀಯೋ?” ಎಂದರು. ನಾನು ಮಾತಿಲ್ಲದೆ ಹೋಗಿ ಕುಳಿತೆ. ಓದಿಸಿದ ಅಧ್ಯಾಪಕರು, ಆಯ್ಕೆ ಮಾಡಿದ ಸಮಿತಿಯವರು, ಹದಿನಾರು ವರ್ಷ ಹಸು ಹೊಡೆದುಕೊಂಡು ಬಂದ ರೈತರು ಇವರೆಲ್ಲ ಮೋಸಹೋದರು, ನಿಜ ಬಲ್ಲವಳು ನಾನೊಬ್ಬಳೇ ಎಂದು ಭಾವಿಸುವುದು ಮೇಲುನೋಟಕ್ಕೆ ತಗ್ಗುವಿಕೆಯಂತೆ ಕಂಡರೂ ಅಷ್ಟೂ ಜನರ ವಿವೇಕವನ್ನು ಅಲ್ಲಗಳೆದಂತಾಗುತ್ತದೆ. ಈ ಮಾತನ್ನೇ ಆ ತಾಯಿಗೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

ಬರಿಯ ಉಪದೇಶದಿಂದ ಈ ಶಂಕೆ ಹೋಗುವುದಿಲ್ಲ. ಅದಕ್ಕೆ ನಿತ್ಯದ ಸಾಧನೆ ಬೇಕು. ಒಂದು ಪುಸ್ತಕವಿಟ್ಟುಕೊಂಡು ಕರಣಿಕರಂತೆ ಲೆಕ್ಕ ಬರೆಯಬೇಕು. ಮುಖ್ಯವಾದ ಒಂದೊಂದು ಕೆಲಸದ ಕೆಳಗೂ ಮೂರು ಸಾಲು: ನಾನು ಮಾಡಿದ್ದೇನು, ಇತರರು ಮಾಡಿದ್ದೇನು, ತಾನಾಗಿ ಒದಗಿದ್ದೇನು. ಹಸು ಗಟ್ಟಿಯಾಗಿದ್ದುದು ತಾನಾಗಿ ಒದಗಿದ್ದು. ಲಾಟೀನು ಹಿಡಿದು ಹಗ್ಗ ಎಳೆದದ್ದು ಮನೆಯವರು. ಆದರೆ ಕರುವಿನ ತಲೆ ತಿರುಗಿರುವುದನ್ನು ಕೈಯಿಂದಲೇ ಅರಿತು ನೇರಮಾಡಿದವರು ಯಾರು? ಆ ಸಾಲನ್ನು ಖಾಲಿ ಬಿಟ್ಟರೆ ಅದು ಸುಳ್ಳು ಲೆಕ್ಕ. ಯಾರಾದರೂ ಮೆಚ್ಚಿ ಆಡಿದ ಮಾತನ್ನೂ, ಅದನ್ನು ತಾನು ಯಾವ ನೆಪ ಹೇಳಿ ತಳ್ಳಿಹಾಕಿದೆನೆಂಬುದನ್ನೂ ಬರೆದಿಡಬೇಕೆಂದು ಆ ಅಮೆರಿಕದ ವಿದುಷಿಯರೂ ಸೂಚಿಸಿದ್ದಾರೆ. ತಿಂಗಳ ಕೊನೆಯಲ್ಲಿ ಓದಿದರೆ ನೆಪಗಳೆಲ್ಲ ಒಂದೇ ಬಗೆಯವೆಂದು ತಿಳಿಯುತ್ತದೆ.

ಎರಡನೆಯದು, ಒಬ್ಬಳೇ ನುಂಗಿಕೊಳ್ಳದಿರುವುದು. ಅದೇ ವೃತ್ತಿಯ ಇನ್ನೊಬ್ಬ ಮಹಿಳೆಯೊಡನೆ ಬಾಯಿಬಿಟ್ಟು ಮಾತನಾಡಬೇಕು. ತಾನು ಮೆಚ್ಚುವ ಹಿರಿಯ ಅಧಿಕಾರಿಣಿಗೂ ಇದೇ ಭಯವಿತ್ತೆಂದು ಕೇಳಿದಾಗ ಅರ್ಧ ಭಾರ ಇಳಿಯುತ್ತದೆ. ಅನುಭವ ಮಂಟಪವೆಂದರೆ ಇಂಥ ಮಾತುಕತೆಯೇ ಅಲ್ಲವೆ? ವಚನ ರಚಿಸಿದ ಮೂವತ್ತಕ್ಕೂ ಹೆಚ್ಚು ಶರಣೆಯರು ಅಂದು ತಮ್ಮ ಒಳಗನ್ನು ಇತರರೆದುರು ತೆರೆದಿಟ್ಟರು.

ಮೂರನೆಯದು, ‘ಇದು ನನಗೆ ತಿಳಿಯದು’ ಎಂಬುದಕ್ಕೂ ‘ನಾನು ಅಯೋಗ್ಯಳು’ ಎಂಬುದಕ್ಕೂ ಇರುವ ಅಂತರವನ್ನು ಕಾಣಬೇಕು. ಮೊದಲನೆಯದಕ್ಕೆ ಮದ್ದುಂಟು: ಕೇಳಬೇಕು, ಓದಬೇಕು, ಕಲಿಯಬೇಕು. ಎರಡನೆಯದು ಕೇವಲ ಬೈಗುಳ. ಬೇರೆಯವರಿಗೆ ಆಡಲು ಹಿಂಜರಿಯುವ ಬೈಗುಳವನ್ನು ನಮಗೆ ನಾವೇ ಏಕೆ ಆಡಿಕೊಳ್ಳಬೇಕು? ನಿದ್ದೆ, ಆಹಾರಗಳು ವಾರಗಟ್ಟಲೆ ಕೆಟ್ಟರೆ ಸಂಕೋಚಪಡದೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದೂರವಾಣಿ ಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಇನ್ನು ಮನೆಯ ಹಿರಿಯರಿಗೆ ಒಂದು ಮಾತು. ಬಂದ ನಂಟರು “ನಿಮ್ಮ ಮಗಳು ಬ್ಯಾಂಕಿನಲ್ಲಿ ಮ್ಯಾನೇಜರಂತೆ!” ಎಂದಾಗ, “ಏನೋ ದೇವರ ದಯೆ, ಅವಳಿಗೇನು ಗೊತ್ತಾಗುತ್ತೆ” ಎಂದು ನಾವು ಹೇಳುತ್ತೇವೆ. ದೃಷ್ಟಿಯಾಗದಿರಲೆಂಬ ಅಂಜಿಕೆ, ಜಂಬವೆನ್ನಿಸದಿರಲೆಂಬ ಸಭ್ಯತೆ. ಒಳಕೋಣೆಯಲ್ಲಿ ನಿಂತ ಮಗಳು ಆ ಮಾತನ್ನು ಕೇಳಿಸಿಕೊಳ್ಳುತ್ತಾಳೆ. ದೇವರ ದಯೆಯನ್ನು ನೆನೆಯೋಣ. ಅದರ ಜೊತೆಗೆ, “ಅವಳು ಕಷ್ಟಪಟ್ಟು ಓದಿದಳು” ಎಂಬ ನಿಜವನ್ನೂ ಸೇರಿಸೋಣ. ಮಗ ಗೆದ್ದರೆ ಜಾಣತನ, ಮಗಳು ಗೆದ್ದರೆ ಅದೃಷ್ಟ ಎಂಬ ಎರಡು ತಕ್ಕಡಿ ಶರಣರ ಮನೆಯಲ್ಲಿ ಇರಕೂಡದು. ಸೊಸೆ ಕಚೇರಿಯಿಂದ ಬಂದಾಗ, ಅಡಿಗೆಯ ಮಾತಿಗೆ ಮುನ್ನ “ಇವತ್ತು ಕೆಲಸ ಹೇಗಾಯಿತಮ್ಮ?” ಎಂದು ಅತ್ತೆ ಒಮ್ಮೆ ಕೇಳಿದರೆ, ಅದು ಯಾವ ಸನ್ಮಾನಕ್ಕೂ ಕಡಿಮೆಯಲ್ಲ.

ಸರ್ಕಾರಿ ನೌಕರಿಯಲ್ಲಿ ಪರೀಕ್ಷಾವಧಿ ಸಾಮಾನ್ಯವಾಗಿ ಎರಡು ವರ್ಷ. ಅದು ತೃಪ್ತಿಕರವಾಗಿ ಮುಗಿಯಿತೆಂದು ಆದೇಶ ಹೊರಡುತ್ತದೆ. ಆ ಆದೇಶ ಹದಿನಾಲ್ಕು ವರ್ಷದ ಹಿಂದೆಯೇ ಆ ತಾಯಿಯ ಕೈ ಸೇರಿತ್ತು. ಮನಸ್ಸಿಗೆ ಮಾತ್ರ ತಲುಪಿರಲಿಲ್ಲ. ಹೊರಡುವಾಗ ಅವರು ಕೈಚೀಲದ ಅರ್ಜಿಯನ್ನು ಹರಿಯಲಿಲ್ಲ, “ಯೋಚಿಸುತ್ತೇನೆ ಗುರುಗಳೇ” ಎಂದಷ್ಟೇ ಹೇಳಿದರು. ದೀಪಾವಳಿ ಕಳೆದ ಮೇಲೆ ಅವರದೊಂದು ಪತ್ರ ಬಂತು. ಅರ್ಜಿ ಕೊಡಲಿಲ್ಲವಂತೆ, ಹೊಸ ಹುದ್ದೆಗೆ ಹಾಜರಾಗಿದ್ದಾರಂತೆ. “ಭಯ ಪೂರ್ತಿ ಹೋಗಿಲ್ಲ. ಕೆಲವು ಬೆಳಗುಗಳಲ್ಲಿ ಕಚೇರಿಯ ಮೆಟ್ಟಿಲು ಹತ್ತುವಾಗ ಮತ್ತೆ ಬರುತ್ತದೆ. ಆದರೆ ಲೆಕ್ಕದ ಪುಸ್ತಕ ಬರೆಯುತ್ತಿದ್ದೇನೆ. ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ‘ನನಗೇನೂ ಬರೊಲ್ಲ ಮೇಡಂ’ ಎಂದು ಕಣ್ಣೀರು ಹಾಕಿದಳು. ನನ್ನ ಪುಸ್ತಕವನ್ನು ಅವಳಿಗೆ ತೋರಿಸಿದೆ” ಎಂದು ಬರೆದಿದ್ದಾರೆ.

ಮುಂದಿನ ಬಾರಿ ಆ ತಾಯಿಗೆ ಸನ್ಮಾನವಾದರೆ ನನ್ನ ಪ್ರವಚನವನ್ನು ಬೇರೆ ರೀತಿಯಲ್ಲಿ ಆರಂಭಿಸುತ್ತೇನೆ. ನಿಮ್ಮ ಮನೆಯ ಹೆಣ್ಣುಮಕ್ಕಳ ಪರೀಕ್ಷಾವಧಿಯೂ ಮುಗಿದಿದೆಯೆಂದು ಅವರಿಗೆ ಇಂದೇ ಹೇಳಿ.